ಸಿಟ್ಟಿನ ಕರುಳು

ನಮ್ಮ ಯಜಮಾನರು ಚಳಿಜ್ವರದಿಂದ ತೀರಿಕೊಂಡ ವರ್ಷ ಮಾರಲಮಿ ಹಬ್ಬಕ್ಕೆ ಎಡೆ ಇಡುವಾಗ ನನಗಿದ್ದ ಚಿಂತೆ ಒಂದೇ: ತಿಂದದ್ದು ಇವರಿಗೆ ದಕ್ಕುತ್ತದೋ ಇಲ್ಲವೋ. ಸತ್ತವರಿಗೆ ಇಷ್ಟವಾದದ್ದನ್ನು ಎಲೆಗೆ ಬಡಿಸಿ, ಬಾಗಿಲು ಮುಚ್ಚಿ, ಅವರು ಉಂಡು ಹೋಗುವವರೆಗೆ ಎಲ್ಲರೂ ಹೊರಗೆ ಕೂರುವುದು ಹನಗೋಡಿನ ನಮ್ಮ ಮನೆಯ ಪದ್ಧತಿ. ಬದುಕಿದ್ದಾಗ ಇವರಿಗೆ ಇಷ್ಟವಾದದ್ದೆಲ್ಲ ಒಳಗೆ ಹೋದ ದಾರಿಯಲ್ಲೇ ಹೊರಗೆ ಬರುತ್ತಿತ್ತು.

ಹೊಟ್ಟೆಯುಬ್ಬರ, ನುಲಿತ, ಒಂದು ವಾರ ಭೇದಿಯಾದರೆ ಮತ್ತೊಂದು ವಾರ ಮಲಬದ್ಧತೆ. ಅದರ ಮೇಲೆ ವಾಂತಿ. ಹುಣಸೂರಿನ ಡಾಕ್ಟರು ಹೊಟ್ಟೆ ಒತ್ತಿ ನೋಡಿ, ಹುಣ್ಣು ಗಿಣ್ಣು ಏನೂ ಇಲ್ಲ, ಕರುಳೇ ಸಿಡುಕು ಎಂದರಂತೆ.

"ನನ್ನ ಕರುಳಿಗೆ ಸಿಟ್ಟು ಜಾಸ್ತಿಯಂತೆ ಕಣೇ."

"ನಿಮಗಿಲ್ದ ಸಿಟ್ಟು ಅದಕ್ಕೆಲ್ಲಿಂದ ಬಂತು?" ಎಂದೆ. ಎತ್ತಿಗೂ ಗದರದ ಮನುಷ್ಯ ಅವರು.

ಅಂದಿನಿಂದ ಆ ಕರುಳನ್ನು ಮುಂಗೋಪದ ನೆಂಟನಂತೆ ನೋಡಿಕೊಂಡೆವು. ತೆಳ್ಳನೆಯ ಅಂಬಲಿ, ನೀರುಮಜ್ಜಿಗೆ, ಚೂರು ಶುಂಠಿ. ಎಲ್ಲವೂ ಸ್ವಲ್ಪ ಸ್ವಲ್ಪ. ಆದರೂ ಅಮಲ್ದಾರರ ಕಚೇರಿಗೆ ಹೋಗುವ ದಿನ, ನೆಂಟರು ಬರುವ ದಿನ ಅದು ಕೆರಳದೆ ಬಿಡುತ್ತಿರಲಿಲ್ಲ. ಅದಕ್ಕೇ ಊಟದ ಎಲೆಯ ಪಕ್ಕದಲ್ಲಿ, ವಾಂತಿಯಾದರೆ ಇರಲಿ ಎಂದು, ಬೂದಿ ಹಾಕಿದ ಹಳೇ ಮಡಕೆಯೊಂದನ್ನು ಇಡುತ್ತಿದ್ದೆ. ಮಗಳ ಬೀಗರೂಟದ ದಿನ ಮಾತ್ರ ನಾಚಿಕೆಯಿಂದ ಅದನ್ನು ಬೇಡ ಎಂದರು. ಪಿರಿಯಾಪಟ್ಟಣದ ಬೀಗರು ಬಿಡದೆ ಬಡಿಸಿದ ಬಾಡಿನ ಸಾರು ಸ್ವಲ್ಪ ಹೊತ್ತಿಗೆಲ್ಲ ಬೀಗರದೇ ಹೊಸ ಪಂಚೆಯ ಮೇಲಿತ್ತು.

"ಪಂಚೆ ಒಗುದ್ರೆ ಆಯ್ತು ಬುಡಿ ಬೀಗ್ರೇ, ನೆಂಟಸ್ತನ ಒಗೆಯಂಗಿಲ್ಲ" ಎಂದು ಆ ಪುಣ್ಯಾತ್ಮರು ನಕ್ಕರು.

ಈಗ ಎಡೆಗೂ ನಾದಿನಿ ಬಾಡನ್ನೇ ಹುರಿದು ತಂದಳು. ನಾನು ಅಂಬಲಿ ಹಿಡಿದು ನಿಂತಿದ್ದೆ.

"ಬಾಡು ಅಂದ್ರೆ ಅಣ್ಣಂಗೆ ಪ್ರಾಣ ಕಣತ್ತಿಗೆ. ಸತ್ ಮೇಲೂ ಅಂಬ್ಲೀನಾ?"

"ದಕ್ಕಬೇಕಲ್ಲವ್ವ!"

ಗೋಡೆಗೊರಗಿ ಕೂತಿದ್ದ ಬೀಗರು ಬಾಯಿ ಹಾಕಿದರು. "ಈಗಾರ ಒಂದ್ ತುಂಡು ತಿನ್ಲಿ ಬುಡವ್ವ. ಕಕ್ಕೋಕೆ ಹೊಟ್ಟೆ ಎಲ್ಲೈತೆ?"

ಮೊದಲು ನಕ್ಕವಳು ನಾನೇ. ಇವರು ಹೋದ ಮೇಲೆ ನಕ್ಕದ್ದು ಅದೇ ಮೊದಲು. ನಗು ಎಲ್ಲಿ ಮುಗಿದು ಅಳು ಎಲ್ಲಿ ಶುರುವಾಯಿತೋ ಗೊತ್ತಾಗಲಿಲ್ಲ. "ತಪ್ಪಾಯ್ತು ಕಣವ್ವ" ಎಂದು ಬೀಗರು ಟವೆಲಿನಿಂದ ತಮ್ಮ ಕಣ್ಣೇ ಒರೆಸಿಕೊಂಡರು.

ಅಂಬಲಿಯನ್ನೂ ಇಟ್ಟೆವು, ಒಂದು ತುಂಡು ಬಾಡನ್ನೂ ಬಡಿಸಿದೆವು. ಬಾಗಿಲು ಎಳೆಯುವ ಮುಂಚೆ ನಾನು ಹಿತ್ತಿಲಿಗೆ ಹೋಗಿ ಬೂದಿ ಮಡಕೆ ತಂದು ಎಲೆಯ ಪಕ್ಕ ಇಟ್ಟೆ.

"ಅದ್ಯಾಕತ್ತಿಗೆ?"

"ಇರ್ಲಿ ಬುಡು."

ಹೊರಗೆ ಕಿವಿಗೊಟ್ಟು ಕೂತೆ. ಓಕರಿಕೆಯ ಸದ್ದೇನೂ ಬರಲಿಲ್ಲ. ಬಾಗಿಲು ತೆರೆದಾಗ ಎಲ್ಲರೂ ಎಲೆಯನ್ನು ನೋಡಿದರು, ನಾನು ಮಡಕೆಯನ್ನು ನೋಡಿದೆ. ಬೂದಿ ಹಾಕಿದ ಹಾಗೇ ಇತ್ತು. ಸದ್ಯ, ದಕ್ಕಿತಲ್ಲ ಎಂದುಕೊಂಡೆ.