ತಂಗಿಯ ಕುಬಸದಿಂದ ಎದ್ದು ಬಂದ ಮೇಲೆ

ಆರತಿ ತಟ್ಟೆ ನನ್ನ ಕೈಯಲ್ಲಿತ್ತು. ಹಾಡು ನಾನೇ ಎತ್ತಬೇಕಿತ್ತು. ಬಾಯಿ ತೆರೆದೆ.

ಮಾತು ಬರಲಿಲ್ಲ.

ರಾಣೇಬೆನ್ನೂರಿನಲ್ಲಿ ನನ್ನ ತಂಗಿ ಗಿರಿಜೆಗೆ ಕುಬಸ ಮಾಡುತ್ತಿದ್ದರು. ಬಸುರಿಗೆ ಹಸಿರು ಸೀರೆ ಉಡಿಸಿ, ಹೂವಿನ ದಂಡೆ ಕಟ್ಟಿ, ಉಡಿ ತುಂಬುವ ದಿನ. ಮಕ್ಕಳಿಲ್ಲದ ನಾನು ಆರತಿ ಮಾಡುವುದು ಅವಳ ಅತ್ತೆಗೆ ಇಷ್ಟವಿರಲಿಲ್ಲ. ಗಿರಿಜೆ ಪಟ್ಟು ಹಿಡಿದಿದ್ದಳು. "ನಮ್ಮಕ್ಕ ಆರತಿ ಮಾಡಿದ್ರನ ನಾ ಕುರ್ಚಿ ಮ್ಯಾಲೆ ಕೂಡಾಕಿ" ಅಂದಿದ್ದಳಂತೆ.

ಮೈಕಿನ ಕಿರುಚಾಟ, ವಿಡಿಯೋದವನ ಲೈಟು, ಮಲ್ಲಿಗೆ, ಅದರ ಮೇಲೆ ಸೆಂಟು. ಎಲ್ಲರೂ ಒಟ್ಟಿಗೆ ಮಾತಾಡುತ್ತಿದ್ದರು, ನನಗೆ ಬರೀ ಸದ್ದು ಕೇಳುತ್ತಿತ್ತು. ಯಾರೋ ಹಿಂದಿನಿಂದ ಭುಜ ತಿವಿದು "ಹಾಡ್ರಿ ಟೀಚರ" ಅಂದರು. ನಾನು ತಟ್ಟೆಯನ್ನು ನೆಲಕ್ಕಿಟ್ಟು ಹೊರಬಿದ್ದೆ. ಬರಿಗಾಲಲ್ಲೇ ಬಸ್ ಸ್ಟ್ಯಾಂಡಿನವರೆಗೆ ನಡೆದಿದ್ದೆನಂತೆ. ನಮ್ಮನೆಯವರು ಹಿಂದೆ ಓಡಿ ಬಂದು ಹಿಡಿದುಕೊಂಡರು.

ಉರಿಯುವ ಆರತಿಯನ್ನು ಬೆಳಗದೆ ನೆಲಕ್ಕಿಟ್ಟು ಹೋದವಳು ಬಂಜೆ ಅಕ್ಕ. ಜನ ಏನು ತಿಳಿದುಕೊಂಡಿರಬೇಕು, ನೀವೇ ಹೇಳಿ. "ಹೊಟ್ಟ್ಯಾಗಿನ ಕಿಚ್ಚ ಎಷ್ಟಂತ ಮುಚ್ಚಿಟ್ಕೊಂತಾಳ?" ಎಂದು ಗಿರಿಜೆಯ ಅತ್ತೆ ಅಲ್ಲೇ ಅಂದರಂತೆ.

ನಾನು ಬ್ಯಾಡಗಿಯಲ್ಲಿ ಹೈಸ್ಕೂಲಿಗೆ ಗಣಿತ ಕಲಿಸುತ್ತೇನೆ. ನಮ್ಮನೆಯವರದು ಮೆಣಸಿನಕಾಯಿಯ ದಲಾಲಿ ಅಂಗಡಿ. ಸೀಜನ್ನಿನಲ್ಲಿ ಮಾಲು ತಂದ ರೈತರ ಊಟ ನಮ್ಮಲ್ಲೇ. ಆ ವರ್ಷ ಶಾಲೆಯಲ್ಲಿ ಎಸ್ಸೆಸ್ಸೆಲ್ಸಿ ಸ್ಪೆಷಲ್ ಕ್ಲಾಸು, ವಾರ್ಷಿಕೋತ್ಸವದ ಗ್ಯಾದರಿಂಗು, ಮನೆಗೆ ಬಂದರೆ ಪಂಕ್ತಿ. ಇಡೀ ದಿನ ನಗುತ್ತಿದ್ದೆ. ಆದರೆ ನನಗೆ ನಗುವುದೂ ಒಂದು ಕೆಲಸ. ಎದುರಿನವರ ಕಣ್ಣು ಎಷ್ಟು ಹೊತ್ತು ನೋಡಬೇಕು, "ಇನ್ನೊಂದ್ ರೊಟ್ಟಿ ಹಾಕಿಸ್ಕೋರಿ" ಎಂದು ಎಷ್ಟು ಸಲ ಹೇಳಬೇಕು, ಇವೆಲ್ಲ ಬೇರೆಯವರಿಗೆ ತಾನಾಗಿ ಬರುತ್ತವೆ. ನಾನು ಮಗ್ಗಿಯ ಹಾಗೆ ಬಾಯಿಪಾಠ ಮಾಡಿದ್ದೆ.

ಕಲಿಸಿದವಳು ಗಿರಿಜೆ. ಮೋಟೆಬೆನ್ನೂರಿನ ನಮ್ಮ ತವರಿನಲ್ಲಿ ಮನೆಗೆ ಯಾರು ಬಂದರೂ ನನ್ನ ಪಕ್ಕ ಕೂತು ಮೆಲ್ಲಗೆ "ಅಕ್ಕಾ, ಈಗ ನಗು" ಅನ್ನುತ್ತಿದ್ದಳು. ನಾಲ್ಕು ವರ್ಷಕ್ಕೆ ಚಿಕ್ಕವಳು. ಹೆಣ್ಣು ನೋಡಲು ಬಂದ ದಿನವೂ ಪಕ್ಕದಲ್ಲೇ ಇದ್ದಳು. "ನಾ ಒಪ್ಪಿದ್ದು ನಿನ್ನಲ್ಲ, ಗಿರಿಜಾನ ಡೈರೆಕ್ಷನ್" ಎಂದು ನಮ್ಮನೆಯವರು ಛೇಡಿಸುತ್ತಿದ್ದರು. ಕುಬಸದ ದಿನ ಅವಳು ಕುರ್ಚಿಯ ಮೇಲೆ ಇದ್ದಳು. ನನ್ನ ಪಕ್ಕ ಯಾರೂ ಇರಲಿಲ್ಲ.

ಆಮೇಲೆ ಹಾಸಿಗೆ ಹಿಡಿದೆ. ಜ್ವರವಿಲ್ಲ, ನೋವಿಲ್ಲ. ನಲ್ಲಿಯ ನೀರಿನ ಸದ್ದಿಗೆ ತಲೆ ಸಿಡಿಯುತ್ತಿತ್ತು. ಹಸಿವಾಗಿದೆಯೋ ಇಲ್ಲವೋ ತಿಳಿಯುತ್ತಿರಲಿಲ್ಲ. ರೊಟ್ಟಿ ಬಡಿಯಲು ಕೂತರೆ ಹಿಟ್ಟು ಕಲಸಿದ ಮೇಲೆ ಏನು ಮಾಡಬೇಕೆಂದೇ ಹೊಳೆಯದೆ ಕೂತುಬಿಡುತ್ತಿದ್ದೆ. ಮಾತು ಬಂದರೂ ಒಂದೆರಡು, ಬೆಳಗಿನ ಹೊತ್ತು ಮಾತ್ರ.

ಹಾವೇರಿಯ ಡಾಕ್ಟರು ಬ್ಲಡ್ ಟೆಸ್ಟ್ ಮಾಡಿಸಿದರು, ಥೈರಾಯ್ಡ್ ನೋಡಿದರು. ಎಲ್ಲ ನಾರ್ಮಲ್. "ಟೆನ್ಶನ್ ಬಿಡ್ರಿ. ಒಬ್ಬರ ಕುಂದ್ರಬ್ಯಾಡ್ರಿ, ನಾಕ ಮಂದಿ ಜೋಡಿ ಬೆರೀರಿ" ಅಂದರು.

ನಾನು ಬೆರೆಯುವ ಅಗತ್ಯವೇ ಬೀಳಲಿಲ್ಲ, ನಾಲ್ಕು ಮಂದಿಯೇ ಬಂದರು. ನಮ್ಮಲ್ಲಿ ಹಾಸಿಗೆ ಹಿಡಿದವರನ್ನು ಮಾತಾಡಿಸಿಕೊಂಡು ಬರದಿದ್ದರೆ ದೊಡ್ಡ ತಪ್ಪು. ಓಣಿಯವರು, ಶಾಲೆಯವರು, ಅಗಡಿ ಊರಿನಿಂದ ನಾದಿನಿ, ಅಂಗಡಿಯ ಹಮಾಲರ ಹೆಂಡಂದಿರು. ಆಳಿಗೊಂದು ಕಲ್ಲು ಅನ್ನುತ್ತಾರಲ್ಲ, ನಮ್ಮ ಮನೆಯಲ್ಲಿ ಆಳಿಗೊಂದು ಡಜನ್ ಬಾಳೆಹಣ್ಣು. ಒಬ್ಬೊಬ್ಬರೂ ಕೈ ಹಿಡಿದುಕೊಂಡು "ಹೆಂಗದೀರಿ? ಊಟ ಸೇರ್ತೈತಿ? ಏನರ ಮಾತಾಡ್ರೆಲಾ" ಅನ್ನುತ್ತಿದ್ದರು. ಅವರಿಗಾಗಿ ಮತ್ತೆ ನಗಬೇಕಿತ್ತು. ಅವರು ಹೋದ ಮೇಲೆ ಎದ್ದು ನೀರು ಕುಡಿಯುವ ತ್ರಾಣವೂ ಉಳಿಯುತ್ತಿರಲಿಲ್ಲ. ಅವರಲ್ಲಿ ಒಬ್ಬರೂ ಕೆಟ್ಟವರಲ್ಲ. ನನ್ನ ಮೇಲಿನ ಜೀವಕ್ಕೇ ಬಂದರು, ಬಂದು ಬಂದು ನನ್ನನ್ನು ಇನ್ನೂ ಮಲಗಿಸಿದರು.

ಬರಬೇಕಾದವಳು ಬರಲಿಲ್ಲ. ಗಿರಿಜೆ ಹೆರಿಗೆಗೆ ಮೋಟೆಬೆನ್ನೂರಿಗೇ ಬಂದಿದ್ದಳು. ಬ್ಯಾಡಗಿಯಿಂದ ಅದೆಷ್ಟು ದೂರ? ಗಂಡು ಹುಟ್ಟಿತು. ತೊಟ್ಟಿಲಿಗೆ ಹಾಕುವ ಮುಂಚಿನ ದಿನ ಅವ್ವ ಬಂದು ನನ್ನ ತಲೆ ಬಾಚಿ, ಜಡೆ ಹಾಕಿ, ಹೋಗುವಾಗ ಬಾಗಿಲಲ್ಲಿ ನಿಂತಳು.

"ನಾಳೆ ನೀ ಬರಬ್ಯಾಡವಾ. ಬೀಗರು ಬರ್ತಾರ."

ಹೆತ್ತವಳು ಹೇಳಿದ ಮಾತು ಅದು.

ಕೊನೆಗೆ ಯಾರೋ ಹೇಳಿದರೆಂದು ನಮ್ಮನೆಯವರು ಹುಬ್ಬಳ್ಳಿಯ ಒಬ್ಬ ಸೈಕಿಯಾಟ್ರಿಸ್ಟ್ ಹತ್ತಿರ ಕರೆದುಕೊಂಡು ಹೋದರು. ಆ ಡಾಕ್ಟರಮ್ಮ ಅವ್ವನನ್ನೂ ಕರೆಸಿ ನನ್ನ ಬಾಲ್ಯವನ್ನೆಲ್ಲ ಕೇಳಿದರು. "ಸಣ್ಣಾಕಿದ್ದಾಗ ಯಾರರ ಎತ್ಕೊಂಡ್ರ ಕಿರಚತಿದ್ಲರಿ. ಒಬ್ಬಾಕಿನ ಹುಣಸಿಬೀಜ ಸಾಲಿಗೆ ಇಟಗೊಂತ ಕೂಡಾಕಿ" ಎಂದು ಅವ್ವ ಹೇಳಿದಳು. ಡಾಕ್ಟರು ಎರಡು ಮೂರು ಸಲ ಕರೆಸಿಕೊಂಡ ಮೇಲೆ ಹೇಳಿದರು.

"ಇದು ಆಟಿಸಂ. ಹುಟ್ಟಿದಾಗಿಂದ ಐತಿ. ಜಡ್ಡಲ್ಲ ಇದು, ನೀವು ಇರೂದ ಹಂಗ. ಎಲ್ಲಾರಂಗ ಕಾಣಬೇಕಂತ ಇಷ್ಟ ವರ್ಷ ದುಡದೀರಲ್ಲ, ಅದಕ್ಕ ಈಗ ಬರ್ನ್‌ಔಟ್ ಆಗೈತಿ, ಮೈಮನಸ್ಸು ಪೂರಾ ಸೋತಾವು. ಮಂದೀನ ಕಡಿಮಿ ಮಾಡ್ರಿ."

ನಾನು ಅಲ್ಲೇ ಅತ್ತೆ. ಸಮಾಧಾನಕ್ಕೆ ಸ್ವಲ್ಪ, ಹೋದ ವರ್ಷಗಳಿಗೆ ಬಹಳ.

ನಮ್ಮನೆಯವರು ಬಂದವರನ್ನು ಅಂಗಡಿಯಲ್ಲೇ ಕೂರಿಸಿ ಚಹಾ ಕೊಟ್ಟು ಕಳಿಸತೊಡಗಿದರು. ಒಂದು ದಿನ ಮೋಟೆಬೆನ್ನೂರಿಗೆ ಹೋಗಿ ಗಿರಿಜೆಗೆ ಎಲ್ಲ ತಿಳಿಸಿ ಹೇಳಿ ಬಂದರು. ಅವಳು ಬಂದಳು.

ಮಗುವಿನ ಗಲ್ಲದ ಮೇಲೆ ದೃಷ್ಟಿಬೊಟ್ಟು ಇತ್ತು. ಕಾಡಿಗೆ ಇನ್ನೂ ಆರಿರಲಿಲ್ಲ. ನಮ್ಮ ಓಣಿಗೆ ಬಂದ ಮೇಲೆ ಹಚ್ಚಿರಬೇಕು.

ಮಾತಿನ ಮಲ್ಲಿ ನನ್ನ ತಂಗಿ. ಅವತ್ತು ನನಗಾಗಿ ದನಿ ತಗ್ಗಿಸಿ, ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಳು. ಆಮೇಲೆ ಕೇಳಿದಳು.

"ಅಕ್ಕಾ, ಖರೇ ಹೇಳು. ಅವತ್ತ ನಿನಗ ಹೊಟ್ಟಿಕಿಚ್ಚ ಆಗಿತ್ತೇನ?"

ಇಲ್ಲ ಅಂದಿದ್ದರೆ ಮುಗಿಯುತ್ತಿತ್ತು. ಅವಳೂ ಆ 'ಇಲ್ಲ'ವನ್ನೇ ಕೇಳಿಸಿಕೊಳ್ಳಲು ಬಂದಿದ್ದಳು, ಅದು ಈಗ ನನಗೆ ಗೊತ್ತು. ಸುಳ್ಳು ಹೇಳಲು ಬಾರದಿರುವುದು ನನ್ನ ದೊಡ್ಡಸ್ತಿಕೆಯಲ್ಲ. ಕೆಲವರಿಗೆ ಈಜು ಬರುವುದಿಲ್ಲ, ಹಾಗೆ.

"ಸ್ವಲ್ಪ ಆಗಿತ್ತು. ಆದ್ರ ನಾ ಎದ್ದು ಬಂದಿದ್ದು ಅದಕ್ಕಲ್ಲ."

ಅವಳಿಗೆ ಮೊದಲ ಮಾತಷ್ಟೇ ಕೇಳಿಸಿತು. ಎರಡನೆಯದನ್ನು ಇನ್ನೊಮ್ಮೆ ಹೇಳಬೇಕೆಂದರೆ ಬಾಯಿ ಕಟ್ಟಿತ್ತು. ಗಿರಿಜೆ ಮಗುವಿನ ಮೇಲೆ ಸೆರಗು ಹೊದಿಸಿಕೊಂಡು ಎದ್ದಳು. "ಗೊತ್ತಾತು ಬಿಡಕ್ಕ" ಅಂದಳು, ಅಷ್ಟೇ. ಮಗುವನ್ನು ನನ್ನ ತೊಡೆಯ ಮೇಲೆ ಹಾಕಲಿಲ್ಲ.

ಈಗ ಮತ್ತೆ ಶಾಲೆಗೆ ಹೋಗುತ್ತಿದ್ದೇನೆ. ಸ್ಟಾಫ್ ರೂಮಿನಲ್ಲಿ ಕೂರುವುದಿಲ್ಲ, ಹೆಡ್ ಮಾಸ್ತರರು ಲ್ಯಾಬಿನ ಮೂಲೆ ಕೊಟ್ಟಿದ್ದಾರೆ. ಮನೆಯಲ್ಲಿ ಪಂಕ್ತಿ ನಿಂತಿದೆ, ರೈತರಿಗೆ ಖಾನಾವಳಿಯಲ್ಲಿ ಊಟ. ಮೈ ಮೊದಲಿನಂತೆ ಆಗಲಿಕ್ಕಿಲ್ಲ. ಆಗದಿದ್ದರೂ ಇಷ್ಟರಲ್ಲಿ ಬದುಕಬಹುದು. ಅದಕ್ಕೆ ನಮ್ಮನೆಯವರ ಋಣ ನನ್ನ ಮೇಲಿದೆ.

ಭಾನುವಾರ ರಾಣೇಬೆನ್ನೂರಿನಿಂದ ಫೋನು ಬರುತ್ತದೆ. ಗಿರಿಜೆ ನಮ್ಮನೆಯವರ ಜೊತೆ ಮಾತಾಡುತ್ತಾಳೆ, "ಅಕ್ಕ ಹೆಂಗದಾಳ್ರಿ ಮಾಮಾ?" ಎಂದು ಕೇಳುತ್ತಾಳೆ. ಅವರು ರಿಸೀವರನ್ನು ನನ್ನ ಕಿವಿಗೂ ತಾಗುವಂತೆ ಹಿಡಿಯುತ್ತಾರೆ. ನಾನು ಕೇಳುತ್ತಿರುವುದು ಅವಳಿಗೆ ಗೊತ್ತಿದೆ. ಗೊತ್ತಿದ್ದೂ ಫೋನು ಇಡುವುದಿಲ್ಲ, ನನಗೆ ಅದೇ ದೊಡ್ಡದು. ಹೋದ ವಾರ ಮಗುವಿಗೆ ಹೇಳಿಕೊಡುತ್ತಿದ್ದಳು, "ದೊಡ್ಡಪ್ಪಾ ಅನ್ನು, ಅನ್ನು." ಅವನು ತೊದಲಿ ಅಂದ. ನಮ್ಮನೆಯವರು ನಕ್ಕರು.

ದೊಡ್ಡವ್ವ ಅನ್ನುವುದನ್ನು ಅವಳು ಇನ್ನೂ ಹೇಳಿಕೊಟ್ಟಿಲ್ಲ.