ಬೇಕರಿಯಲ್ಲಿ ನಾನು ಚಿಗವ್ವ

ಯಾದಗಿರಿಯಿಂದ ಬಂದು ಲಿಂಗರಾಜಪುರದಲ್ಲಿ ಬಾಡಿಗೆ ಕೋಣೆ ಹಿಡಿದ ಹೊಸತು. ಕೆಲಸ ಕೊಡಿಸುತ್ತಾರೆಂದು ಕೇಳಿ ಶಿವಾಜಿನಗರದ ಉದ್ಯೋಗ ಸಹಾಯ ಕೇಂದ್ರಕ್ಕೆ ಹೋದೆ. ನೋಡಿಕೊಳ್ಳುವವರು ಯಾರೂ ಇಲ್ಲದೆ ಮೂರು ವರ್ಷದ ಮಗಳೂ ಸೊಂಟದ ಮೇಲಿದ್ದಳು.

ಅಲ್ಲಿನ ಮೇಡಂ, "ಕಾಕ್ಸ್ ಟೌನಲ್ಲಿ ಬೇಕರಿ ಕೌಂಟರ್ ಕೆಲಸ ಇದೆ, ಈಗ್ಲೇ ಹೋಗಿ. ಆದ್ರೆ ಚಿಕ್ಕ ಮಕ್ಕಳಿರೋರು ರಜಾ ಹಾಕ್ತಾರೆ ಅಂತ ಓನರ್ ತಗೊಳ್ಳಲ್ಲ. ಮಗು ಇಲ್ಲ ಅಂದ್ಬಿಡಿ" ಎಂದರು.

"ಇಕೀನ್ನ ಎಲ್ಲಿ ಬಚ್ಚಿಡ್ಲಿ ಮೇಡಂ, ನಿಮ್ಮ ಬೀರುನ್ಯಾಗೇನು?"

"ಅಕ್ಕನ ಮಗು ಅನ್ನಿ. ಅಷ್ಟೂ ಗೊತ್ತಾಗಲ್ವೇನ್ರೀ?"

ಬಸ್ಸಿನಲ್ಲಿ ಮಗಳಿಗೆ ಪಾಠ ಮಾಡಿದೆ: "ಇವತ್ತು ನಾ ನಿಮ್ಮವ್ವ ಅಲ್ಲ, ಚಿಗವ್ವ."

ಓನರ್ ಅವಳ ಕೈಗೆ ಬನ್ನು ಕೊಟ್ಟು, "ಇವರು ಯಾರು ಪುಟ್ಟಾ?" ಎಂದರು.

"ಚಿಗವ್ವ."

"ಅಮ್ಮ ಎಲ್ಲಿ?"

ಅದನ್ನು ನಾನು ಕಲಿಸಿರಲಿಲ್ಲ. ಅವಳು ನನ್ನ ಮುಖವನ್ನೇ ನೋಡುತ್ತಾ, "ಅವ್ವ ಇಲ್ಲ" ಎಂದಳು.

"ಅಯ್ಯೋ ಪಾಪ" ಎಂದ ಓನರ್, ಸೋಮವಾರದಿಂದ ಬರಲು ಹೇಳಿದರು. ಪಕ್ಕದ ಕೋಣೆಯಾಕೆ ಮಗಳನ್ನು ನೋಡಿಕೊಳ್ಳಲು ಒಪ್ಪಿದಳು. ತಾಯಿಯಿಲ್ಲದ ಮಗುವಿಗೆಂದು ಓನರ್ ದಿನಾ ಸಂಜೆ ಮಿಕ್ಕ ಬನ್ನು ಕಟ್ಟಿಕೊಡುತ್ತಾರೆ. ಬಹಳ ಒಳ್ಳೆಯ ಮನುಷ್ಯ. ತಾಯಿ ಬದುಕಿದ್ದರೆ ಮಾತ್ರ ಕೆಲಸ ಕೊಡುವುದಿಲ್ಲ.