ಬೂಟು ಹೊಲಿಯುತ್ತಿದ್ದ ಡಾಕ್ಟರಂಕಲ್

ಮೊನ್ನೆ ಪಿಕಡಿಲಿ ಸ್ಟೇಷನ್ನಿನ ಬೂಟು ರಿಪೇರಿ ಅಂಗಡಿಯ ಮುಂದೆ ಚರ್ಮ, ಜೇನುಮೇಣ ಬೆರೆತ ವಾಸನೆ ಮೂಗಿಗೆ ಬಡಿಯಿತು. ಸ್ಟಾಕ್‌ಪೋರ್ಟಿನ ರೈಲು ಬಿಟ್ಟುಹೋದರೂ ಅಲ್ಲೇ ನಿಂತಿದ್ದೆ. ಮೊದಲೇ ಒಪ್ಪಿಬಿಡುತ್ತೇನೆ: ಆ ವಾಸನೆ ನೆನಪಿಗೆ ತಂದ ಹಿರಿಯರೊಬ್ಬರು ಹೆಂಡತಿಯಿಂದಲೂ ಮುಚ್ಚಿಟ್ಟಿದ್ದ ಗುಟ್ಟನ್ನು, ನಾಲ್ಕು ಜನರನ್ನು ನಗಿಸುವ ಚಪಲಕ್ಕೆ ಬಯಲಿಗೆಳೆದ ಕೋತಿ ನಾನೇ.

ನಾನಾಗ ಎಂಎಸ್ಸಿ ಓದುತ್ತಿದ್ದೆ. ಹಾಗೆಂದು ಮನೆಯವರು ನಂಬಿದ್ದರು. ಇಲ್ಲೇ ನಮ್ಮ ಪಕ್ಕದ ಮನೆಯಲ್ಲಿ ಡಾಕ್ಟರಂಕಲ್, ಧಾರವಾಡದ ಕಡೆಯವರು, ನಿವೃತ್ತ ಸರ್ಜನ್. ಬೇಸಿಗೆಯ ಭಾನುವಾರಗಳಲ್ಲಿ ಅವರು ಬ್ರಿಟಿಷರ ಕೈಕೆಳಗಿದ್ದ ಕಾಲದ ಅಮೆರಿಕಕ್ಕೆ ಹೊರಟುಬಿಡುತ್ತಿದ್ದರು. ಅಂದಿನ ಕಸುಬುದಾರರ ವೇಷ ಹಾಕಿ, ಜನರೆದುರು ಕೆಲಸ ಮಾಡಿ ತೋರಿಸುವ ಹವ್ಯಾಸಿಗಳ ಗುಂಪೊಂದಿತ್ತು. ಒಬ್ಬ ಕಮ್ಮಾರ, ಒಬ್ಬ ಪೀಪಾಯಿ ಮಾಡುವವ, ಇವರು ಬೂಟು ಹೊಲಿಯುವವ. ಆಪರೇಷನ್ ಥಿಯೇಟರ್ ಬಿಟ್ಟ ಮೇಲೆ ಆ ಕೈಗೆ ಉಳಿದಿದ್ದ ಕೆಲಸ ಅದೊಂದೇ...

ಮೊಣಕಾಲ ಕೆಳಗೆ ಗುಂಡಿ ಹಾಕುವ ಚಡ್ಡಿ, ಉದ್ದ ಕಾಲುಚೀಲ, ಎಂಥ ಸೆಕೆಯಲ್ಲೂ ಬಿಚ್ಚದ ವೇಸ್ಟ್‌ಕೋಟ್. ಆಗೆಲ್ಲ ಗಿರಾಕಿಯ ಮುಂದೆ ಬರೀ ಅಂಗಿಯಲ್ಲಿ ನಿಂತರೆ ಬನಿಯನ್ನಿನಲ್ಲಿ ನಿಂತ ಹಾಗಂತೆ! ಮೇಲೆ ಚರ್ಮದ ಏಪ್ರನ್. ಲಿನನ್ ಅಂಗಿಯನ್ನು ಆಂಟಿ ಕೈಯಲ್ಲೇ ಹೊಲಿದಿದ್ದರು. ಅದರ ಉದ್ದನೆಯ ತುದಿಯನ್ನು ಕಾಲ ನಡುವೆ ಸಿಕ್ಕಿಸಿದರೆ ಅದೇ ಒಳಚಡ್ಡಿ ಎಂದು ಅಂಕಲ್ ವಿವರಿಸಿದಾಗ ಆಂಟಿ, “ಅದಕ್ಕ ಅಮೆರಿಕಾ ಯಾಕ್ರಿ? ನಮ್ಮಜ್ಜನ ಕಚ್ಚಿ ಇದ್ದಿಲ್ಲೇನು?” ಎಂದಿದ್ದರು.

ಗ್ಯಾರೇಜಿನಲ್ಲಿ ಅವರ ಅಭ್ಯಾಸ. ಎದುರಿಗೇ ಸ್ಟೂಲ್ ಹಾಕಿಕೊಂಡು ನಾನು ನೋಡುತ್ತಿದ್ದೆ. ಬೂಟನ್ನು ಪಟ್ಟಿಯಿಂದ ಮೊಣಕಾಲಿಗೆ ಬಿಗಿದು, ಚೂಪಾದ ಆರಿಯಿಂದ ತೂತು ಕೊರೆದು, ಮೇಣದ ದಾರದ ಎರಡೂ ತುದಿ ಹಿಡಿದು ರೆಕ್ಕೆಯಂತೆ ಕೈ ಅಗಲಿಸಿ ಎಳೆಯುವ ಆ ಭಂಗಿ... ಆಂಟಿ ಚಹಾ ತಂದಾಗಲೆಲ್ಲ ಅಂಕಲ್ಲರ ಒಂದು ಕೈ ಏಪ್ರನ್ನಿನಡಿ ಸೇರುತ್ತಿತ್ತು. ಅದೂ ಆ ಕಾಲದ ಮರ್ಯಾದೆಯಿರಬೇಕು ಎಂದುಕೊಂಡ ಜಾಣ ನಾನು. ವಿಷಯ ತಿಳಿದರೆ ಆಂಟಿ ಆರಿ ಕಸಿದುಕೊಳ್ಳುತ್ತಾರೆಂಬ ಭಯ ಅವರಿಗಿತ್ತೆಂದು ಗೊತ್ತಾದದ್ದು ಆಮೇಲೆ.

ಯುಗಾದಿ ಊಟಕ್ಕೆ ಅವರಲ್ಲಿಗೆ ಹೋದವನು ಏಪ್ರನ್ ಕಟ್ಟಿಕೊಂಡು ಅಂಕಲ್ಲರ ನಕಲು ಶುರುಮಾಡಿದೆ. ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ಹುರುಪೇರಿ, ಆರಿ ಹಿಡಿಯುವಾಗ ಅವರ ಕೈ ನಡುಗುವುದನ್ನೂ ಸೇರಿಸಿದೆ. ಆಂಟಿಯ ನಗು ನಿಂತಿತು. ಹೋಳಿಗೆಯ ತಟ್ಟೆ ಕೆಳಗಿಟ್ಟು ಗಂಡನ ಕಡೆ ತಿರುಗಿದರು. “ಈ ಹುಡುಗ ಮಾಡಿದ್ದು ಖರೇ ಏನ್ರಿ?”

ಆಂಟಿ ಆರಿ ಕಸಿದುಕೊಂಡದ್ದು ನಿಜ. ಮುಂದಿನ ಪ್ರದರ್ಶನಕ್ಕೆ ಬಿಳಿ ಟೋಪಿ, ಉದ್ದ ಲಂಗ ತೊಟ್ಟು ತಾವೇ ಪಕ್ಕದಲ್ಲಿ ಕೂತರು. ತೂತು ಆಂಟಿಯದು, ದಾರ ಅಂಕಲ್ಲರದು. ಹಾಗೆಯೇ ಎರಡು ಬೇಸಿಗೆ ಕಳೆದವು...

ಈಗ ಅಂಕಲ್ ಇಲ್ಲ. ಏಪ್ರನ್ ನನ್ನ ಕೋಣೆಯಲ್ಲಿದೆ. ಅವರ ನಡಿಗೆ, ಕೆಮ್ಮು ಎಲ್ಲವನ್ನೂ ಇಂದಿಗೂ ಮಾಡಬಲ್ಲೆ. ಕೈಯ ಸರದಿ ಬಂದಾಗ ಮಾತ್ರ ನಿಲ್ಲಿಸಿಬಿಡುತ್ತೇನೆ. ಅವತ್ತು ಆಂಟಿಯ ಪ್ರಶ್ನೆಗೆ ಅಂಕಲ್ ನನ್ನತ್ತ ನೋಡಿ ಹೇಳಿದ್ದು ಇಷ್ಟೇ:

“ನಕಲು ಛಲೋ ಮಾಡ್ತಿ. ಆದ್ರ ನಡಗೂದು ಎಡಗೈ ಅಲ್ಲಲೇ ತಮ್ಮಾ, ಬಲಗೈ.”